ಬೊಗಳುವ ಅಳಿಲಿನ ಶಿಕಾರಿಗೆ ಎಂಥ ಗೈಡ್?

ಹೆಸರಿನಲ್ಲಿ ನಾಯಿ, ಹುಟ್ಟಿನಲ್ಲಿ ಅಳಿಲು. ಅಮೆರಿಕದ ನಡುಭಾಗದ ಹುಲ್ಲುಬಯಲಿನಲ್ಲಿ ಬಿಲ ತೋಡಿಕೊಂಡು ಸಂಸಾರ ಮಾಡುವ 'ಪ್ರೇರಿ ಡಾಗ್' ಎಂಬ ಪ್ರಾಣಿಗೂ ನಾಯಿಗೂ ಇರುವ ನಂಟು ಕೂಗಿನದು ಮಾತ್ರ. ಆಕಾಶದಲ್ಲಿ ಗಿಡುಗ ಕಂಡರೆ ಸಾಕು, ಬಿಲದ ಬಾಯಿಯ ಮಣ್ಣುದಿಬ್ಬದ ಮೇಲೆ ಹಿಂಗಾಲೂರಿ ನೆಟ್ಟಗೆ ನಿಂತು ಒಂದು ಕೂಗುತ್ತದೆ. ಅದನ್ನು ಕೇಳಿ ಇನ್ನೊಂದು, ಮತ್ತೊಂದು. ನೋಡನೋಡುತ್ತ ಇಡೀ ಬಯಲು ಬರಿದಾಗುತ್ತದೆ. ದೊಡ್ಡದೆಂದರೆ ಒಂದು ಒಂದೂಕಾಲು ಕಿಲೋ ತೂಗುವ ಈ ಜೀವಿಯನ್ನು ಹುಡುಕಿಕೊಂಡು ಪ್ರತಿ ಬೇಸಿಗೆಯಲ್ಲೂ ರೈಫಲ್ಲು, ಮೇಜು, ದೂರದರ್ಶಕಗಳನ್ನು ಕಾರಿಗೆ ತುಂಬಿಕೊಂಡು ನೂರಾರು ಮೈಲಿ ಓಡಿಸಿ ಬರುವವರಿದ್ದಾರೆ. ಹಾಗೆ ಬರುವವರಿಗೆ ಜಾಗ ತೋರಿಸಿ, ಉಳಿಯಲು ಕೋಣೆ ಕೊಟ್ಟು, ಕೈಗೆ ಬಂದೂಕನ್ನೂ ಕೊಟ್ಟು ಹಣ ಎಣಿಸಿಕೊಳ್ಳುವ ಒಂದು ಸಣ್ಣ ಉದ್ಯಮವೇ ಅಲ್ಲಿ ಬೆಳೆದಿದೆ. ಮೊದಲ ಸಲ ಹೋಗುವವನ ಅನುಭವ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಅವನು ಇವರಲ್ಲಿ ಯಾರ ಕೈ ಹಿಡಿಯುತ್ತಾನೆ ಎಂಬುದರ ಮೇಲೆ ನಿಂತಿದೆ.

ಬಿಳಿಯರಿಗೂ ಈ ಪ್ರಾಣಿಗೂ ಆದ ಮೊದಮೊದಲ ಭೇಟಿಯೇ ತಮಾಷೆಯದು. 1804ರ ಸೆಪ್ಟೆಂಬರ್‌ನಲ್ಲಿ, ಇಂದಿನ ನೆಬ್ರಾಸ್ಕಾ ರಾಜ್ಯದಲ್ಲಿ ಮಿಸ್ಸೌರಿ ನದಿಯ ಗುಂಟ ಸಾಗುತ್ತಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಒಂದು 'ಪ್ರೇರಿ ಡಾಗ್ ಊರಿನ' ಎದುರು ನಿಂತಿತು. ಅಗೆದರು, ಬಿಲದ ತಳ ಸಿಗಲಿಲ್ಲ. ಕೊನೆಗೆ ನೀರು ಹೊತ್ತು ತಂದು ಬಿಲಕ್ಕೆ ಸುರಿದು, ದಿನದ ಬಹುಭಾಗ ಕಳೆದು ಒಂದೇ ಒಂದನ್ನು ಜೀವಂತ ಹಿಡಿದರು. ಮರುವರ್ಷ ಅಧ್ಯಕ್ಷ ಜೆಫರ್ಸನ್‌ಗೆ ಅವರು ಕಳಿಸಿದ ಕಾಣಿಕೆಗಳಲ್ಲಿ ಒಂದು ಜೀವಂತ ಪ್ರೇರಿ ಡಾಗ್ ಕೂಡ ಇತ್ತು. ಲೂಯಿಸ್ ಅದನ್ನು ಕರೆದದ್ದು 'ಬೊಗಳುವ ಅಳಿಲು' ಎಂದು. ಆ ಹೆಸರೇ ಸರಿಯಾಗಿತ್ತು. ಆದರೆ ಉಳಿದದ್ದು ನಾಯಿಯೇ.

ಆಗ ಕೆನಡಾದ ಗಡಿಯಿಂದ ಮೆಕ್ಸಿಕೊವರೆಗೆ ಹಬ್ಬಿದ್ದ ಇವುಗಳ ನೆಲೆ ಈಗ ಚೂರುಚೂರಾಗಿದೆ. ಹಿಂದಿದ್ದ ವಿಸ್ತಾರದ ಶೇಕಡಾ ಎರಡರಷ್ಟು ಉಳಿದಿದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಉಳುಮೆ ಒಂದಿಷ್ಟು ನೆಲ ನುಂಗಿತು. ದನ ಸಾಕುವ ರಾಂಚ್ ಮಾಲೀಕರ ಕೋಪ ಇನ್ನಷ್ಟನ್ನು ಖಾಲಿ ಮಾಡಿಸಿತು. ದನದ ಬಾಯಿಗೆ ಹೋಗಬೇಕಾದ ಹುಲ್ಲನ್ನು ಇವು ಮೇಯುತ್ತವೆ, ಬಿಲದೊಳಗೆ ಕಾಲಿಟ್ಟು ಕುದುರೆಗಳು ಕಾಲು ಮುರಿದುಕೊಳ್ಳುತ್ತವೆ ಎಂಬುದು ಅವರ ದೂರು. ಕುದುರೆ ಕಾಲಿನ ಕಥೆ ಹೇಳುವವರು ಹೆಚ್ಚು, ಕಂಡವರು ಕಡಿಮೆ. ಹುಲ್ಲಿನ ದೂರು ಮಾತ್ರ ಪೂರ್ತಿ ಸುಳ್ಳಲ್ಲ, ಮುಖ್ಯವಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ. ಹಾಗಾಗಿ ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ವಿಷಪ್ರಾಶನ ನಡೆದಿದೆ. ಅವರು ಓಟ್ಸ್ ಕಾಳಿಗೆ ಸವರಿ ಬಿಲದ ಬಾಯಿಗೆ ಚೆಲ್ಲುವ ಜಿಂಕ್ ಫಾಸ್ಫೈಡ್, ಮಂಡ್ಯ-ದಾವಣಗೆರೆಯ ಗದ್ದೆಬಯಲಿನ ರೈತರು ಇಲಿಗೆ ಇಡುವ ಅದೇ ಕಪ್ಪು ಪುಡಿ. ಆ ಕಡೆ ಇಲಿಯ ಮೇಲಿನ ಸಿಟ್ಟನ್ನು ಬಲ್ಲವರಿಗೆ ಈ ಕಡೆಯ ಸಿಟ್ಟನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಸಿಟ್ಟಿನಿಂದ ಶಿಕಾರಿಯೂ ಬೆಳೆಯಿತು. ವಿಷಕ್ಕೆ ಹಣ ಸುರಿಯುವ ಬದಲು, ಗುಂಡು ಹೊಡೆಯುವವರಿಂದ ಹಣ ಪಡೆಯಬಹುದಲ್ಲ ಎಂದು ರಾಂಚ್ ಮಾಲೀಕರಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣ ಡಕೋಟಾ, ವಯೋಮಿಂಗ್, ಮೊಂಟಾನಾ, ಕೊಲೊರಾಡೋ, ಕಾನ್ಸಾಸ್‌ಗಳಲ್ಲಿ ಇದು ಹಲವರಿಗೆ ಉಪಕಸುಬು.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದುಕೊಳ್ಳಬೇಕು. 'ಔಟ್‌ಫಿಟರ್' ಎಂದರೆ ವ್ಯವಹಾರದ ಯಜಮಾನ. ಜಮೀನಿನವರ ಜೊತೆ ಒಪ್ಪಂದ, ವಸತಿ, ವಾಹನ, ವಿಮೆ, ಮುಂಗಡ, ಕರಾರು ಎಲ್ಲ ಅವನದು. 'ಗೈಡ್' ಎಂದರೆ ಬೆಳಗಿನಿಂದ ಸಂಜೆಯವರೆಗೆ ಬಯಲಿನಲ್ಲಿ ಪಕ್ಕದಲ್ಲಿರುವವನು. ಹಂಪಿಗೆ ಬರುವ ಪ್ರವಾಸಿಗೆ ಬೆಂಗಳೂರಿನ ಟ್ರಾವೆಲ್ಸ್ ಕಚೇರಿಯೂ ಕಮಲಾಪುರದ ಗೈಡೂ ಹೇಗೆ ಬೇರೆಬೇರೆಯೋ ಹಾಗೆ. ಸಣ್ಣ ವ್ಯವಹಾರಗಳಲ್ಲಿ ಇಬ್ಬರೂ ಒಬ್ಬನೇ ಆಗಿರುತ್ತಾನೆ; ಎಷ್ಟೋ ಕಡೆ ಅವನೇ ರಾಂಚ್ ಮಾಲೀಕನೂ ಹೌದು. ದೊಡ್ಡ ವ್ಯವಹಾರಗಳಲ್ಲಿ ಫೋನಿನಲ್ಲಿ ಸಿಹಿಯಾಗಿ ಮಾತಾಡಿದವನು ಬೇರೆ, ಬೆಳಿಗ್ಗೆ ಜೀಪು ತರುವವನು ಬೇರೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಇದು: 'ನಮ್ಮ ಜೊತೆ ಬರುವವರು ಯಾರು, ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ, ಒಬ್ಬ ಗೈಡಿಗೆ ಎಷ್ಟು ಜನ ಶಿಕಾರಿಗಳು?' ಹೊಸಬನಿಗೆ ಒಬ್ಬ ಗೈಡಿಗೆ ಇಬ್ಬರು ಎಂಬುದೇ ಸಾಕಷ್ಟಾಯಿತು. ಆರು ಜನರನ್ನು ಸಾಲಾಗಿ ಕೂರಿಸಿ ಗೈಡ್ ಜೀಪಿನಲ್ಲಿ ನಿದ್ದೆ ಹೊಡೆಯುವ ಕಡೆ ಹೊಸಬ ಏನನ್ನೂ ಕಲಿಯುವುದಿಲ್ಲ.

ಎರಡನೆಯ ಪ್ರಶ್ನೆ: ನೆಲ ಯಾರದು? ಖಾಸಗಿ ರಾಂಚ್ ಆಗಿದ್ದರೆ ಮಾಲೀಕನ ಲಿಖಿತ ಒಪ್ಪಿಗೆ ಔಟ್‌ಫಿಟರ್ ಬಳಿ ಇರಬೇಕು, ಬೇಲಿ ಎಲ್ಲಿ ಮುಗಿಯುತ್ತದೆ ಎಂಬ ನಕ್ಷೆಯೂ ಇರಬೇಕು. ಆ ಬಯಲಿನಲ್ಲಿ ಖಾಸಗಿ ನೆಲ, ಸರ್ಕಾರಿ ನೆಲ, ಆದಿವಾಸಿ ಬುಡಕಟ್ಟುಗಳ ನೆಲ ಒಂದಕ್ಕೊಂದು ಚೌಕಾಬಾರದ ಮನೆಗಳಂತೆ ಅಂಟಿಕೊಂಡಿರುತ್ತವೆ. ಕಣ್ಣಿಗೆ ಎಲ್ಲವೂ ಒಂದೇ ಹುಲ್ಲು. ಒಕ್ಕೂಟ ಸರ್ಕಾರದ ಅರಣ್ಯ ಇಲಾಖೆಯೋ ಭೂ ನಿರ್ವಹಣಾ ಬ್ಯೂರೋವೋ ನೋಡಿಕೊಳ್ಳುವ ನೆಲದಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯಬೇಕಾದರೆ ಔಟ್‌ಫಿಟರ್ ಆಯಾ ಇಲಾಖೆಯ ವಿಶೇಷ ಅನುಮತಿ ಪಡೆದಿರಬೇಕು. ರೋಸ್‌ಬಡ್‌ನಂಥ ಬುಡಕಟ್ಟು ಪ್ರದೇಶಗಳಲ್ಲಿ ರಾಜ್ಯದ ಪರವಾನಗಿ ಸಾಲದು. ಬುಡಕಟ್ಟಿನ ಆಡಳಿತ ಕೊಡುವ ಪರವಾನಗಿಯೇ ಬೇಕು. 'ಅದೆಲ್ಲ ನಾವು ನೋಡ್ಕೋತೀವಿ' ಎನ್ನುವವನಿಗಿಂತ 'ತಗೊಳ್ಳಿ, ಇದು ಕಾಗದದ ಪ್ರತಿ' ಎನ್ನುವವನು ಮೇಲು.

ಔಟ್‌ಫಿಟರ್‌ಗಳಿಗೇ ಲೈಸೆನ್ಸ್ ಕೊಡುವ ಮಂಡಳಿಗಳು ಮೊಂಟಾನಾ, ವಯೋಮಿಂಗ್, ಐಡಾಹೊಗಳಂಥ ರಾಜ್ಯಗಳಲ್ಲಿವೆ. ಯಾರ ಮೇಲೆ ದೂರಿದೆ, ಯಾರ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ಅಲ್ಲಿ ವಿಚಾರಿಸಬಹುದು. ಆದರೆ ಈ ನಿಯಮಗಳನ್ನು ಬರೆದದ್ದು ಎಲ್ಕ್, ಜಿಂಕೆ, ಕರಡಿಯಂಥ ದೊಡ್ಡ ಬೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪ್ರೇರಿ ಡಾಗ್ ಶಿಕಾರಿಗೂ ಅವು ಅನ್ವಯಿಸುತ್ತವೆಯೇ ಎಂಬುದನ್ನು ಆಯಾ ರಾಜ್ಯದ ಮಂಡಳಿಯನ್ನೇ ಕೇಳಿ ತಿಳಿಯುವುದು ಒಳ್ಳೆಯದು. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಯಾವ ಕೆಲಸದ್ದು ಎಂದು ಓದಿ ನೋಡಿದರೆ ತಪ್ಪೇನೂ ಇಲ್ಲ.

ಇನ್ನು ಶಿಕಾರಿಯ ಪರವಾನಗಿ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ದಕ್ಷಿಣ ಡಕೋಟಾದಲ್ಲಿ ಹೊರಗಿನಿಂದ ಬಂದವರು ಪರವಾನಗಿ ಕೊಳ್ಳಲೇಬೇಕು. ವಯೋಮಿಂಗ್‌ನಲ್ಲಿ ಪ್ರೇರಿ ಡಾಗ್ ಹೊಡೆಯಲು ಪರವಾನಗಿಯ ಅಗತ್ಯವಿಲ್ಲ. ಮೇಲ್ನೋಟಕ್ಕೆ ಇದು ಅನುಕೂಲವೇ. ಆದರೆ ಡೆನ್ವರ್‌ನಲ್ಲೋ ಡಲ್ಲಾಸ್‌ನಲ್ಲೋ ಕೆಲಸಕ್ಕಿದ್ದು, ಕಚೇರಿಯ ಗೆಳೆಯರ ಜೊತೆ ವಾರಾಂತ್ಯಕ್ಕೆ ಹೊರಟ ಕನ್ನಡಿಗನಿಗೆ ಈ ಅನುಕೂಲವೇ ಉರುಳಾಗಬಹುದು. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದ ಮೇಲೆ ಅಲ್ಲಿರುವವರು, ಎಂದರೆ ಎಚ್-1ಬಿ ನೌಕರರು, ವಿದ್ಯಾರ್ಥಿಗಳು, ಮಗಳ ಬಾಣಂತನಕ್ಕೆಂದು ಬಂದ ಅಪ್ಪ ಅಮ್ಮಂದಿರು, ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಸಾಮಾನ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅಂದರೆ ರಾಜ್ಯ ಕೇಳದಿದ್ದರೂ ದೇಶ ಕೇಳುತ್ತದೆ! ಗೈಡ್ ಪ್ರೀತಿಯಿಂದ ಕೈಗಿತ್ತ ರೈಫಲ್ಲು ಅರ್ಧ ದಿನದ್ದೇ ಇರಲಿ, ಜೇಬಿನಲ್ಲಿ ಆ ಚೀಟಿ ಇಲ್ಲದಿದ್ದರೆ ಅದು ಗಂಭೀರ ಅಪರಾಧ; ಶಿಕ್ಷೆಯ ಜೊತೆಗೆ ದೇಶ ಬಿಡಬೇಕಾದ ಸಂದರ್ಭವೂ ಬರಬಹುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿರ್ಬಂಧವಿಲ್ಲ. ಉಳಿದವರು ವಲಸೆ ಕಾನೂನು ಬಲ್ಲ ವಕೀಲರನ್ನು ಮೊದಲು ಕೇಳಿ, ಬಹುತೇಕ ರಾಜ್ಯಗಳು ಕೇಳುವ ಬೇಟೆ ಸುರಕ್ಷತೆಯ ಪಾಠವನ್ನು ಮುಗಿಸಿ, ಪರವಾನಗಿ ಕೈಗೆ ಬಂದಮೇಲೆಯೇ ಬುಕಿಂಗ್ ಮಾಡಬೇಕು. ಪರದೇಶದ ಉಚ್ಚಾರಣೆ ಕೇಳಿಯೂ ವೀಸಾದ ಮಾತೆತ್ತದ ಔಟ್‌ಫಿಟರ್ ಕಾನೂನು ಅರಿಯದವನು, ಇಲ್ಲವೆ ಅರಿತೂ ಸುಮ್ಮನಿದ್ದವನು. ಎರಡೂ ಒಳ್ಳೆಯದಲ್ಲ.

ಹೊಡೆಯುವುದು ಯಾವುದನ್ನು? ಪ್ರೇರಿ ಡಾಗ್‌ಗಳಲ್ಲಿ ಐದು ಜಾತಿಗಳಿವೆ: ಕಪ್ಪು ಬಾಲದ್ದು, ಬಿಳಿ ಬಾಲದ್ದು, ಗನ್ನಿಸನ್, ಯೂಟಾ ಮತ್ತು ಮೆಕ್ಸಿಕೊದ್ದು. ಶಿಕಾರಿಗಳು ಹೆಚ್ಚಾಗಿ ಹೋಗುವುದು ಬಯಲುಸೀಮೆಯ ಕಪ್ಪು ಬಾಲದ ಜಾತಿಗೆ. ಯೂಟಾದ ಜಾತಿಯನ್ನು ಅಳಿವಿನಂಚಿನ ಜೀವಿಗಳ ಕಾಯ್ದೆ ರಕ್ಷಿಸುತ್ತದೆ. ಗೈಡ್‌ಗೆ ಇವುಗಳ ಗುರುತು ಗೊತ್ತಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರೇರಿ ಡಾಗ್ ಊರಿನಲ್ಲಿ ಒಕ್ಕಲಿರುವುದು ಅವು ಮಾತ್ರವಲ್ಲ. ಹಾಳುಬಿದ್ದ ಬಿಲಗಳಲ್ಲಿ ಬಿಲಗೂಬೆ ಮರಿ ಮಾಡುತ್ತದೆ. ಇದೂ ದಿಬ್ಬದ ಮೇಲೆ ನೆಟ್ಟಗೆ ನಿಲ್ಲುವ, ಅದೇ ಮಣ್ಣುಬಣ್ಣದ ಹಕ್ಕಿ. ಬಿಸಿಲುಗುದುರೆ ಕುಣಿಯುವ ಮಧ್ಯಾಹ್ನ ಇನ್ನೂರು ಗಜ ದೂರದಿಂದ ಹೊಸಬನ ಕಣ್ಣಿಗೆ ಎರಡೂ ಒಂದೇ. ಅದನ್ನು ಹೊಡೆದರೆ ದಂಡ ಖಂಡಿತ.

ಇನ್ನೊಬ್ಬ ಒಕ್ಕಲಿಗ ಕಪ್ಪು ಕಾಲಿನ ಫೆರೆಟ್. ಮುಂಗುಸಿಯನ್ನು ನೆನಪಿಸುವ ಈ ನಿಶಾಚರಿ ತಿನ್ನುವುದು ಹೆಚ್ಚುಕಡಿಮೆ ಪ್ರೇರಿ ಡಾಗ್ ಒಂದನ್ನೇ, ಮಲಗುವುದೂ ಅದರ ಬಿಲದಲ್ಲೇ. ಅನ್ನ ನೀಡುವವನು ಹೋದರೆ ಉಣ್ಣುವವನು ಉಳಿದಾನೆಯೆ? ಎಪ್ಪತ್ತರ ದಶಕದ ಕೊನೆಗೆ ಅದು ನಿರ್ನಾಮವಾಯಿತೆಂದೇ ಎಲ್ಲರೂ ನಂಬಿದ್ದರು. 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಎಂಬ ಊರಿನ ಬಳಿ ಒಂದು ರಾಂಚ್‌ನ ನಾಯಿ ಸತ್ತ ಫೆರೆಟ್ ಒಂದನ್ನು ಮನೆಬಾಗಿಲಿಗೆ ಕಚ್ಚಿ ತಂದಾಗಲೇ ಗೊತ್ತಾದದ್ದು, ಅವು ಇನ್ನೂ ಇವೆ ಎಂದು. ರೋಗ ಬಡಿದು ಅವೂ ಸಾಯತೊಡಗಿದಾಗ ಉಳಿದವನ್ನೆಲ್ಲ ಹಿಡಿದು ಪಂಜರದಲ್ಲಿ ಸಾಕಿದರು; 1987ರ ಹೊತ್ತಿಗೆ ಕೈಯಲ್ಲಿದ್ದದ್ದು ಬರೀ 18. ಅವುಗಳ ಸಂತಾನವನ್ನು 1991ರಿಂದ ಮತ್ತೆ ಬಯಲಿಗೆ ಬಿಡಲಾಗುತ್ತಿದೆ. ಬಹಳ ಹಿಂದೆ ಸತ್ತ ಒಂದು ಫೆರೆಟ್‌ನ ಶೈತ್ಯೀಕರಿಸಿದ ಜೀವಕೋಶದಿಂದ 2020ರ ಡಿಸೆಂಬರ್‌ನಲ್ಲಿ ತದ್ರೂಪಿ ಮರಿಯೊಂದನ್ನೂ ಹುಟ್ಟಿಸಿದರು. ಇಷ್ಟೆಲ್ಲ ಪಾಡುಪಟ್ಟು ಉಳಿಸಿದ ಪ್ರಾಣಿ ಇರುವ ದಕ್ಷಿಣ ಡಕೋಟಾದ ಕೊನಾಟಾ ಬೇಸಿನ್‌ನಂಥ ಕಡೆ ಪ್ರೇರಿ ಡಾಗ್‌ಗೆ ಗುಂಡು ಹಾರಿಸುವುದು ನಿಷಿದ್ಧ. 'ಹತ್ತಿರದಲ್ಲಿ ಫೆರೆಟ್ ಬಿಟ್ಟ ಜಾಗವಿದೆಯೆ? ಗಡಿ ಎಲ್ಲಿ?' ಎಂದು ಕೇಳಿ ನೋಡಬೇಕು. ತಕ್ಷಣ ನಕ್ಷೆ ಬಿಡಿಸುವವನು ಬಯಲನ್ನು ಬಲ್ಲವನು.

ಯಾವಾಗ ಹೋಗಬೇಕು ಎಂಬುದರಲ್ಲೂ ಔಟ್‌ಫಿಟರ್‌ನ ಬಣ್ಣ ಬಯಲಾಗುತ್ತದೆ. ಪ್ರೇರಿ ಡಾಗ್ ಮರಿ ಹಾಕುವುದು ವರ್ಷಕ್ಕೆ ಒಂದೇ ಸಲ, ವಸಂತದಲ್ಲಿ. ಮರಿಗಳು ಮೊದಲ ಬಾರಿಗೆ ಬಿಲದಿಂದ ತಲೆ ಹೊರಹಾಕುವುದು ಮೇ-ಜೂನ್ ಹೊತ್ತಿಗೆ. ಅದಕ್ಕೆ ಮೊದಲು ಮೇಲೆ ತಾಯಿ ಸತ್ತರೆ ಕೆಳಗೆ ಮರಿಗಳು ಹಸಿದು ಸಾಯುತ್ತವೆ. ಕೊಲೊರಾಡೋ, ಅರಿಜೋನಾದಂಥ ಕೆಲವು ರಾಜ್ಯಗಳು ವಸಂತದ ತಿಂಗಳುಗಳಲ್ಲಿ ಶಿಕಾರಿಗೆ ರಜೆ ಘೋಷಿಸಿರುವುದು ಇದೇ ಕಾರಣಕ್ಕೆ. ನಿಯಮವಿಲ್ಲದ ಕಡೆಗಳಲ್ಲೂ 'ಜೂನ್ ನಡುವಿನವರೆಗೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ' ಎನ್ನುವವರಿದ್ದಾರೆ. 'ಏಪ್ರಿಲ್‌ನಲ್ಲೇ ಬನ್ನಿ, ಜನ ಕಡಿಮೆ, ರೇಟೂ ಕಡಿಮೆ' ಎನ್ನುವವರೂ ಇದ್ದಾರೆ.

ತಾರೀಖಿನ ಜೊತೆ ತಳಕು ಹಾಕಿಕೊಂಡ ಇನ್ನೊಂದು ಸಂಗತಿ ಪ್ಲೇಗ್. ಇದರ ಕಥೆಯ ಒಂದು ಎಳೆ ಕರ್ನಾಟಕಕ್ಕೂ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೀನಾದ ಬಂದರುಗಳಿಂದ ಹಡಗಿನ ಇಲಿಗಳ ಜೊತೆ ಹೊರಟ ಮಹಾಮಾರಿ 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದೇ ಮಾರಿ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾಣಿಸಿಕೊಂಡಿತು. ಬಂದರಿನ ಇಲಿಗಳಿಂದ ಕಾಡಿನ ಅಳಿಲುಗಳಿಗೆ ದಾಟಿತು. ಮೂವತ್ತು ನಲವತ್ತರ ದಶಕಗಳಲ್ಲಿ ಪ್ರೇರಿ ಡಾಗ್‌ಗಳನ್ನು ಮುಟ್ಟಿತು. ಬೆಂಗಳೂರಿನಿಂದ ಅದು ಹೋಯಿತು, ಪ್ರೇರಿಯಿಂದ ಹೋಗಲಿಲ್ಲ. ಈ ರೋಗಕ್ಕೆ ಒಗ್ಗಿರದ ಆ ಪ್ರಾಣಿಗಳ ಊರಿಗೆ ಪ್ಲೇಗ್ ಹೊಕ್ಕರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯುತ್ತವೆ. 2008ರಲ್ಲಿ ಅದು ಕೊನಾಟಾ ಬೇಸಿನ್ ಹೊಕ್ಕಿತು. 2017ರಲ್ಲಿ ವಯೋಮಿಂಗ್‌ನ ಥಂಡರ್ ಬೇಸಿನ್ ಹುಲ್ಲುಗಾವಲಿನಲ್ಲಿ ಹಬ್ಬಿ, ಹತ್ತಾರು ಸಾವಿರ ಎಕರೆ ಹರಡಿದ್ದ ಊರುಗಳನ್ನು ಬರಿದು ಮಾಡಿತು.

ಶಿಕಾರಿಗೆ ಇದರಿಂದ ಎರಡು ಪಾಠ. ಜನವರಿಯಲ್ಲಿ ಮುಂಗಡ ಕೊಟ್ಟು ಜುಲೈಯಲ್ಲಿ ಹೋಗುವ ಹೊತ್ತಿಗೆ ಚಿತ್ರದಲ್ಲಿ ಕಂಡ ಊರು ಸ್ಮಶಾನವಾಗಿರಬಹುದು. 'ಊರನ್ನು ಕೊನೆಯ ಸಲ ನೋಡಿದ್ದು ಯಾವಾಗ? ಪ್ಲೇಗ್ ಬಿದ್ದರೆ ಬೇರೆ ಜಾಗವಿದೆಯೆ, ಇಲ್ಲವೆ ಮುಂಗಡ ವಾಪಸೇ?' ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಎರಡನೆಯದು ಜೀವದ ಮಾತು. ಪ್ಲೇಗನ್ನು ಹರಡುವುದು ಚಿಗಟ. ಇದ್ದಕ್ಕಿದ್ದಂತೆ ಸದ್ದಡಗಿದ ಊರಿನಲ್ಲಿ ಹಸಿದ ಚಿಗಟಗಳು ಬಿಲದ ಬಾಯಿಯಲ್ಲಿ ಕಾದಿರುತ್ತವೆ. ಒಳ್ಳೆಯ ಗೈಡ್ ಅಂಥ ಕಡೆ ಜನರನ್ನು ಇಳಿಸುವುದೇ ಇಲ್ಲ. ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ, ಔಷಧಿ ಸಿಂಪಡಿಸಿಕೊಳ್ಳಿ ಎನ್ನುತ್ತಾನೆ, ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಲು ಬಿಡುವುದಿಲ್ಲ, ಸಾಕುನಾಯಿಯನ್ನು ಕರೆತರಬೇಡಿ ಎನ್ನುತ್ತಾನೆ. ಮನೆಗೆ ಮರಳಿದ ವಾರದಲ್ಲಿ ಜ್ವರ ಬಂದು ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಕಟ್ಟಿದರೆ ವೈದ್ಯರಿಗೆ ಈ ಪ್ರವಾಸದ ವಿಷಯವನ್ನು ಮೊದಲು ಹೇಳಬೇಕು. ಬೇಗ ತಿಳಿದರೆ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳೇ ಸಾಕು. ತಡವಾದರೆ ಪ್ರಾಣಕ್ಕೆ ಸಂಚಕಾರ.

ಬಂದೂಕಿನ ವಿಷಯಕ್ಕೆ ಬಂದರೆ, ಹೊಸಬ ಹೊಸ ರೈಫಲ್ಲು ಕೊಂಡು ಹೋಗುವ ಬದಲು ಬಾಡಿಗೆಗೆ ಕೊಡುವ ಔಟ್‌ಫಿಟರ್‌ನನ್ನು ಹುಡುಕುವುದು ಜಾಣತನ. ನೂರು ಗಜದೊಳಗೆ ಪಾಯಿಂಟ್ 22 ಸಾಕು. ಅದರಾಚೆಗೆ ಪಾಯಿಂಟ್ 17, ಇನ್ನೂ ದೂರಕ್ಕೆ ಪಾಯಿಂಟ್ 223 ಬಳಸುತ್ತಾರೆ. ಮೇಜಿನ ಮೇಲೆ ಮರಳುಚೀಲವಿಟ್ಟು, ಅದರ ಮೇಲೆ ರೈಫಲ್ಲು ಒರಗಿಸಿ, ಕುರ್ಚಿಯಲ್ಲಿ ಕುಳಿತು ಹೊಡೆಯುವ ಶಿಕಾರಿ ಇದು. ಕಾಡು ಸುತ್ತುವ ಶ್ರಮವಿಲ್ಲ. ಆದರೆ ಪ್ರೇರಿಯ ಗಾಳಿ ಬಿಡದೆ ಬೀಸುತ್ತದೆ, ಹಗುರಾದ ಗುಂಡನ್ನು ಬದಿಗೆ ತಳ್ಳುತ್ತದೆ. ಗಾಳಿಯನ್ನು ಓದಲು ಕಲಿಸುವವನೇ ನಿಜವಾದ ಗೈಡ್. ಒಂದೇ ದಿನ ನೂರಾರು ಗುಂಡು ಹಾರುವುದರಿಂದ ನಳಿಕೆ ಕಾದು ಗುರಿ ತಪ್ಪುತ್ತದೆ. ಎರಡು ಬಂದೂಕುಗಳನ್ನು ಸರದಿಯಲ್ಲಿ ಬಳಸುವುದು ವಾಡಿಕೆ.

ಈ ಬಯಲಿನಲ್ಲಿ ಅಡ್ಡಕ್ಕೆ ಮರವಿಲ್ಲ, ಗುಡ್ಡವಿಲ್ಲ. ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಕಲ್ಲಿಗೆ ಬಡಿದು ಸಿಡಿದರೆ? ದಿಗಂತದ ಕಡೆ, ರಸ್ತೆಯ ಕಡೆ, ದನಗಳ ಕಡೆ, ಗಾಳಿಯಂತ್ರದ ನೀರುತೊಟ್ಟಿಯ ಕಡೆ ನಳಿಕೆ ತಿರುಗಿಸಬಾರದು ಎಂದು ಮೊದಲ ಗುಂಡಿಗೆ ಮುಂಚೆಯೇ ಹೇಳಿ, ಎಲ್ಲಿಂದ ಎಲ್ಲಿಯವರೆಗೆ ಹೊಡೆಯಬಹುದು ಎಂದು ಕೈ ಚಾಚಿ ತೋರಿಸುವುದು ಗೈಡ್‌ನ ಕರ್ತವ್ಯ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ನೆರಳಿಗೆ ಕೊಡೆ, ಕುಡಿಯಲು ನೀರು ಅವನ ಜೀಪಿನಲ್ಲಿರಬೇಕು. ಬಿಲಗಳಲ್ಲಿ ಗಿಲಕಿ ಹಾವೂ ಇರುತ್ತದೆ. ಕೈ ಹಾಕಿದವನನ್ನು ಅದು ಬಿಡುವುದಿಲ್ಲ. ಆಸ್ಪತ್ರೆಯೋ, ಒಂದೆರಡು ಗಂಟೆಯ ಹಾದಿ. 'ಆಂಬುಲೆನ್ಸ್ ಎಲ್ಲಿಂದ ಬರುತ್ತದೆ? ಫೋನ್ ಸಿಗುತ್ತದೆಯೆ?' ಎಂದು ಕೇಳಿದರೆ ನಗುವವನನ್ನು ಬಿಟ್ಟುಬಿಡಬಹುದು.

ಸತ್ತವುಗಳ ಕಥೆ ಏನು? ಬಹುಪಾಲು ಕಡೆ ಅಲ್ಲೇ ಬಿಡುತ್ತಾರೆ. ಹದ್ದು, ಗಿಡುಗ, ನರಿಗಳು ತಿನ್ನುತ್ತವೆ. ಇಲ್ಲೊಂದು ಮರೆಯಾದ ಅಪಾಯವಿದೆ. ಪೌಲಿ ಮತ್ತು ಬಸ್ಕರ್ಕ್ ಎಂಬ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡಿದೊಡನೆ ಅರಳಿ ಚೂರಾಗುವ ಗುಂಡಿಗೆ ಬಲಿಯಾದ ಪ್ರೇರಿ ಡಾಗ್‌ಗಳಲ್ಲಿ ಶೇಕಡಾ 87ರಷ್ಟರ ದೇಹದಲ್ಲಿ ಸೀಸದ ಚೂರುಗಳು ಉಳಿದಿದ್ದವು. ಅರಳದ ಗುಂಡಾದರೆ ಶೇಕಡಾ 7. ಆ ಚೂರುಗಳು ಹದ್ದಿನ ಹೊಟ್ಟೆ ಸೇರಿದರೆ ಅದೂ ವಿಷಪ್ರಾಶನವೇ. ಅರಳದ ಗುಂಡು ದೂರ ಸಿಡಿದು ಹೋಗುವ ಭಯವಿರುವುದರಿಂದ ಪರಿಹಾರ ಅಷ್ಟು ಸರಳವಲ್ಲ. ಸೀಸವಿಲ್ಲದ, ಆದರೂ ಬೇಗ ಪುಡಿಯಾಗುವ ತಾಮ್ರದ ಗುಂಡುಗಳು ಈಗ ಸಿಗುತ್ತವೆ, ಬೆಲೆ ಹೆಚ್ಚು. ಅವನ್ನೇ ಬಳಸಿ ಎನ್ನುವ, ಸಂಜೆ ಸತ್ತವನ್ನು ಆರಿಸಿ ಹೂಳುವ ಔಟ್‌ಫಿಟರ್ ಸಿಕ್ಕರೆ ನಾಲ್ಕು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅದೇ ಇಬ್ಬರು ನಡೆಸಿದ ಇನ್ನೊಂದು ಅಧ್ಯಯನ ಉಳಿದವುಗಳ ಕುರಿತದ್ದು. ಶಿಕಾರಿ ನಡೆದ ಊರಿನಲ್ಲಿ ಬದುಕುಳಿದ ಪ್ರಾಣಿಗಳು ಮೊದಲಿಗಿಂತ ಎಂಟು ಪಟ್ಟು ಹೆಚ್ಚು ಎಚ್ಚರದಲ್ಲಿ ನಿಂತು ಕಾಲ ಕಳೆದವು, ಮೇಯುವುದನ್ನು ಮೂರರಲ್ಲಿ ಎರಡು ಪಾಲು ಕಡಿಮೆ ಮಾಡಿದವು; ಮುಂದಿನ ವರ್ಷದ ಸಂತಾನ ಶೇಕಡಾ 82ರಷ್ಟು ಕುಸಿಯಿತು. ಹೆದರಿಕೆಯೂ ಗುಂಡಿನಷ್ಟೇ ಕೆಲಸ ಮಾಡುತ್ತದೆ ಎಂದಾಯಿತು. ರಾಂಚ್ ಮಾಲೀಕನಿಗೆ ಇದು ಸಿಹಿ ಸುದ್ದಿಯಿರಬಹುದು. ವರ್ಷವರ್ಷವೂ ಅದೇ ಊರಿನಿಂದ ಹೊಟ್ಟೆ ಹೊರೆಯಬೇಕಾದ ಔಟ್‌ಫಿಟರ್‌ಗೆ ಅಲ್ಲ. ಅದಕ್ಕೇ ಬುದ್ಧಿವಂತರು ಒಂದು ಊರಿಗೆ ಹೋದ ಮೇಲೆ ಅದನ್ನು ಕೆಲವು ವಾರ, ಕೆಲವೊಮ್ಮೆ ಇಡೀ ವರ್ಷ ಬಿಟ್ಟುಬಿಡುತ್ತಾರೆ. 'ಈ ಊರಿನಲ್ಲಿ ಈ ವರ್ಷ ಎಷ್ಟು ತಂಡ ಕೂತಿದೆ?' ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಅವನ ಹತ್ತು ವರ್ಷದ ಲೆಕ್ಕ ಅಡಗಿರುತ್ತದೆ.

ಹಣದ ವಿಚಾರದಲ್ಲಿ ಗುಟ್ಟೇನೂ ಇಲ್ಲ. ನೆಲ ತೋರಿಸಿ ಬಿಟ್ಟುಹೋಗುವವನಿಗೆ ಒಂದು ದರ, ದಿನವಿಡೀ ಜೊತೆಗಿರುವವನಿಗೆ ಇನ್ನೊಂದು, ಊಟ ವಸತಿ ಬಂದೂಕು ಸೇರಿದರೆ ಮತ್ತೊಂದು. ತೋಟಾ ಸೇರಿದೆಯೆ, ಪರವಾನಗಿ ಶುಲ್ಕ ಯಾರದು, ಮಳೆ ಬಂದು ಕೆಸರಾಗಿ ಜೀಪು ಹೋಗದಿದ್ದರೆ ಏನು, ಗೈಡ್‌ಗೆ ಭಕ್ಷೀಸು ಎಷ್ಟು ರೂಢಿ, ಇವೆಲ್ಲ ಕಾಗದದಲ್ಲಿರಲಿ. ಮುಂಗಡಕ್ಕೆ ರಸೀದಿ ಇರಲಿ. ವಿಮೆಯ ಪತ್ರ ತೋರಿಸಲು ಹಿಂಜರಿಯುವವನಿಗೆ ಮುಂಗಡ ಕೊಡಲು ಶಿಕಾರಿಯೂ ಹಿಂಜರಿಯಲಿ. ಹಿಂದೆ ಹೋಗಿಬಂದ ನಾಲ್ಕು ಜನರ ದೂರವಾಣಿ ಸಂಖ್ಯೆ ಕೇಳಿ, ಅವರಲ್ಲಿ ಒಬ್ಬನಾದರೂ ಮೊದಲ ಸಲ ಹೋದವನಾಗಿರಲಿ. ಪಳಗಿದವನಿಗೆ ಗೈಡ್ ಏನು ಮಾಡಿದ ಎಂಬುದು ಗಮನಕ್ಕೇ ಬಂದಿರುವುದಿಲ್ಲ. ಹೊಸಬನಿಗೆ ಎಲ್ಲವೂ ನೆನಪಿರುತ್ತದೆ.

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತಿನ್ನಲು ಅಲ್ಲ, ಚರ್ಮಕ್ಕೂ ಅಲ್ಲ, ಹೀಗೆ ಹೊಡೆಯುವುದು ಸರಿಯೆ? 1972ರ ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಬೆಳೆದ ಕರ್ನಾಟಕದ ಎರಡು ತಲೆಮಾರಿಗೆ ಶಿಕಾರಿ ಎಂದರೆ ಹಳೆಯ ಬಂಗಲೆಯ ಗೋಡೆಯ ಮೇಲಿನ ಕೋಡು ಮಾತ್ರ. ಅಮೆರಿಕನ್ನರಲ್ಲೂ ಒಮ್ಮತವಿಲ್ಲ. 1990ರಲ್ಲಿ ಕೊಲೊರಾಡೋದ ನ್ಯೂಕ್ಲಾ ಎಂಬ ಪುಟ್ಟ ಊರು ಪ್ರೇರಿ ಡಾಗ್ ಹೊಡೆಯುವ ಪಂದ್ಯವನ್ನೇ ಏರ್ಪಡಿಸಿದಾಗ ಪ್ರತಿಭಟನೆಕಾರರೂ ಪತ್ರಕರ್ತರೂ ಮುತ್ತಿಗೆ ಹಾಕಿದ್ದರು. 2020ರಲ್ಲಿ ಅದೇ ರಾಜ್ಯದ ವನ್ಯಜೀವಿ ಆಯೋಗ ಇಂಥ ಪಂದ್ಯಗಳನ್ನು ನಿಷೇಧಿಸಿತು. ಪಂದ್ಯ ಬೇಡವೆಂದರೂ ಜಮೀನಿನ ಮಾಲೀಕ ತನ್ನ ಹುಲ್ಲನ್ನು ಕಾಯುವುದಕ್ಕೆ ಅಡ್ಡಿಯಿಲ್ಲ ಎಂಬ ನಡುದಾರಿ ಅದು. ವಿಷಕ್ಕಿಂತ ಗುಂಡು ಮೇಲು ಎನ್ನುವವರ ಮಾತಿನಲ್ಲೂ ಹುರುಳಿದೆ: ಗುಂಡಿನ ದುಡ್ಡು ಬರುವವರೆಗೆ ಮಾಲೀಕ ಊರನ್ನು ಪೂರ್ತಿ ಅಳಿಸುವುದಿಲ್ಲ, ಊರು ಉಳಿದರೆ ಗೂಬೆಯೂ ಉಳಿಯುತ್ತದೆ. ಕ್ಯಾಮೆರಾ ಹಿಡಿದು ಬರುವವರಿಗೂ ಬಾಗಿಲು ತೆರೆಯುವ ರಾಂಚ್‌ಗಳಿಗೆ ಎರಡೂ ಕಡೆಯ ದುಡ್ಡು.

ಆದ್ದರಿಂದ ಮೊದಲ ಸಲ ಹೋಗುವವನು ಔಟ್‌ಫಿಟರ್‌ಗೆ ಫೋನ್ ಮಾಡಿದಾಗ ಒಂದು ಮಾತಿಗೆ ಕಿವಿಗೊಡಬೇಕು. ಜಾಹೀರಾತಿನ ಬಣ್ಣದ ಹಾಳೆಯಲ್ಲಿ 'ದಿನಕ್ಕೆ ಐನೂರು ಗುಂಡು, ಮಿತಿಯೇ ಇಲ್ಲ' ಎಂದಿದ್ದರೆ ಅದೊಂದು ಅಂಗಡಿ. ಫೋನೆತ್ತಿದವನು 'ನೀವು ಇದಕ್ಕೆ ಮುಂಚೆ ಬಂದೂಕು ಹಿಡಿದಿದ್ದೀರಾ? ಬರುವ ಮುನ್ನ ಒಂದು ದಿನ ಅಭ್ಯಾಸ ಮಾಡಿ, ಸರಿಯಾಗಿ ಗುರಿ ಕೂತರಷ್ಟೇ ದೂರದ್ದಕ್ಕೆ ಬಿಡುತ್ತೇನೆ, ಗಾಳಿ ಜೋರಾದರೆ ನಿಲ್ಲಿಸುತ್ತೇನೆ' ಎಂದರೆ ಮುಂಗಡ ಕಳಿಸಲು ಅಡ್ಡಿಯಿಲ್ಲ. ಗಾಯಗೊಂಡು ಬಿಲಕ್ಕೆ ತೆವಳಿದ ಪ್ರಾಣಿಯನ್ನು ಯಾವ ಗೈಡೂ ಹೊರತೆಗೆಯಲಾರ. ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡಕ್ಕೇ ಆ ಬಿಲದ ತಳ ಸಿಕ್ಕಿರಲಿಲ್ಲ.